ವೆಲೆನ್ಸಿಯಾಕ್ಕೆ ಅರವತ್ತೆಂಟು ಆಪರೇಷನ್

ಪೀಣ್ಯ ಎರಡನೇ ಹಂತದ ಒಂದು ಅಡ್ಡರಸ್ತೆಯಲ್ಲಿ ಒಂದು ಸಣ್ಣ ಕಾರ್ಖಾನೆ. ಎದುರಿಗೆ ಪೌಡರ್ ಕೋಟಿಂಗ್ ಶೆಡ್ಡು, ಪಕ್ಕದಲ್ಲಿ ಚಿತ್ರಾನ್ನದ ಗಾಡಿ. ಅಲ್ಲಿ ಪರಮಾನಂದ ಇಪ್ಪತ್ತೆರಡು ವರ್ಷಗಳಿಂದ ಪ್ಲಾನಿಂಗ್ ಇನ್‌ಚಾರ್ಜ್. ಕಾರ್ಖಾನೆ ತಯಾರಿಸುವುದು ವಾಲ್ವಿನ ಬಿಡಿಭಾಗಗಳನ್ನು, ಪರಮಾನಂದ ತಯಾರಿಸುವುದು ಪ್ರೋಸೆಸ್ ಶೀಟುಗಳನ್ನು. ಎರಕದ ಕಬ್ಬಿಣದ ಒಂದು ಮುದ್ದೆ ಬಾಗಿಲಲ್ಲಿ ಬಂದಿಳಿದ ಕ್ಷಣದಿಂದ ಹಿಡಿದು, ಮೈಗೆ ಎಣ್ಣೆ ಸವರಿಸಿಕೊಂಡು ಪೆಟ್ಟಿಗೆ ಸೇರುವ ತನಕ ಅದಕ್ಕೆ ಏನೇನು ಆಗಬೇಕು, ಯಾವ ಮೆಷಿನ್ನಿನಲ್ಲಿ ಆಗಬೇಕು, ಎಷ್ಟು ನಿಮಿಷ ಹಿಡಿಯುತ್ತದೆ, ಆದಮೇಲೆ ಯಾವ ಅಳತೆ ನೋಡಬೇಕು ಎಂದು ಒಂದರ ಕೆಳಗೊಂದು ಬರೆದಿಡುವ ಹಾಳೆಗೆ ಆ ಹೆಸರು. ಪ್ರತಿ ಕೆಲಸಕ್ಕೂ ಒಂದು ಸಂಖ್ಯೆ. ಆದರೆ ಒಂದು, ಎರಡು, ಮೂರು ಅಲ್ಲ. ಆಪರೇಷನ್ ಹತ್ತು, ಇಪ್ಪತ್ತು, ಮೂವತ್ತು. ನಡುವಿನ ಒಂಬತ್ತು ಜಾಗ ಖಾಲಿ. ಮರೆತದ್ದು ಆಮೇಲೆ ನೆನಪಾದರೆ ಅಲ್ಲಿ ತುರುಕಬಹುದು.

ಪರಮಾನಂದರ ಅಭಿಪ್ರಾಯದಲ್ಲಿ ದೇವರು ಸೃಷ್ಟಿಯ ಕೆಲಸವನ್ನು ಒಂದು, ಎರಡು, ಮೂರು ಎಂದು ಎಣಿಸಿಬಿಟ್ಟದ್ದೇ ತಪ್ಪು. ಹತ್ತು ಹತ್ತರ ಲೆಕ್ಕದಲ್ಲಿ ಹೋಗಿದ್ದರೆ ಮನುಷ್ಯನ ಮೊಣಕಾಲಿಗೆ ಇನ್ನೊಂದು ಬೇರಿಂಗ್ ಹಾಕಲು ಜಾಗ ಇರುತ್ತಿತ್ತು.

ಈ ಅಭ್ಯಾಸ ಕಾರ್ಖಾನೆಯ ಗೇಟಿನಲ್ಲೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅದು ಸಂಜೆ ಅವರ ಜೊತೆ ಬಸ್ಸು ಹತ್ತಿ ಮಾದನಾಯಕನಹಳ್ಳಿಯ ಮನೆಗೂ ಬರುತ್ತಿತ್ತು. ಆ ಮನೆಯ ಗೃಹಪ್ರವೇಶಕ್ಕೂ ಶೀಟು ಇತ್ತು. ಆಪರೇಷನ್ ನಲವತ್ತು, ಹಸು ಒಳಗೆ ಬರುವುದು. ಆಪರೇಷನ್ ಐವತ್ತು, ಹಾಲು ಉಕ್ಕಿಸುವುದು. ಬಂದ ಹಸುವಿಗೆ ಹೊಸ ಟೈಲ್ಸಿನ ತಂಪು ಹಿಡಿಸಿ, ಅದು ನಡುಮನೆಯಲ್ಲಿ ಮಲಗಿಯೇಬಿಟ್ಟಿತು. ಪರಮಾನಂದ ಗಾಬರಿಯಾಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು ‘ಆಪರೇಷನ್ ನಲವತ್ತೈದು: ಹಸುವನ್ನು ಹೊರಗೆ ಕಳಿಸುವುದು, ಇಬ್ಬರು ಆಳು, ಇಪ್ಪತ್ತು ನಿಮಿಷ’ ಎಂದು ಸೇರಿಸಿದರು. ಪುರೋಹಿತರು ಅಲ್ಲಿಯವರೆಗೆ ಮಂತ್ರವನ್ನು ಎಳೆದರು.

ಶೀಟಿನ ಬಗ್ಗೆ ಅವರಿಗೆ ಒಂದೇ ಒಂದು ಹೆಮ್ಮೆ. ‘ನನ್ನ ಶೀಟ್ ಕೈಯಲ್ಲಿ ಕೊಡಿ, ಯಾರು ಬೇಕಾದರೂ ಜಾಬ್ ಮಾಡಬಹುದು. ನಾನೇ ಬಂದು ನಿಲ್ಲಬೇಕು ಅಂತಿಲ್ಲ’ ಎನ್ನುತ್ತಿದ್ದರು. ಹೊಸ ಆಪರೇಟರುಗಳಿಗೆ, ಆಡಿಟ್ ಮಾಡಲು ಬಂದವರಿಗೆ, ಕೊನೆಗೆ ಚಿತ್ರಾನ್ನದ ಗಾಡಿಯವನಿಗೂ.

ಇಂಥ ಮನುಷ್ಯ ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟು ಇಪ್ಪತ್ತಾರು ವರ್ಷವಾಗಿತ್ತು.

ನೀಲಾಂಬಿಕಾ, ಗಂಡನ ಹಾಗೆಯೇ, ಇಂಡಿ ತಾಲ್ಲೂಕಿನವರು. ಹುಟ್ಟಿದಾಗಿನಿಂದ ನೋಡಿದ ದೊಡ್ಡ ನೀರೆಂದರೆ ಭೀಮಾ ನದಿ, ಅದೂ ವರ್ಷದಲ್ಲಿ ನಾಲ್ಕು ತಿಂಗಳು. ಮದುವೆಯಾದ ಹೊಸದರಲ್ಲಿ ಗಂಡ ಗೋಕರ್ಣಕ್ಕೆ ಶೀಟು ಮಾಡಿದರು. ಒಂದು ಬಸ್ಸಿನ ಸಮಯ ಬದಲಾಯಿತೆಂದು ಶೀಟನ್ನು ತಿದ್ದಿದರು. ತಿದ್ದುವಷ್ಟರಲ್ಲಿ ಮಳೆಗಾಲ ಬಂತು. ಆಮೇಲೆ ಕಾರವಾರದ ಶೀಟು, ಮಲ್ಪೆಯ ಶೀಟು. ಪ್ರತಿಯೊಂದೂ ಮೂರು ನಾಲ್ಕು ಸಲ ತಿದ್ದಿಸಿಕೊಂಡು, ಹೊರಡುವುದೊಂದನ್ನು ಬಿಟ್ಟು ಎಲ್ಲ ರೀತಿಯಲ್ಲೂ ಪರಿಪೂರ್ಣವಾಗಿ ಗಾದ್ರೇಜ್ ಬೀರುವಿನಲ್ಲಿ ಮಲಗಿದ್ದವು. ‘ನಮ್ಮ ಮನಿಯವರು ನನಗ ಮೂರು ಸಮುದ್ರ ತೋರಿಸ್ಯಾರ, ಎಲ್ಲಾ ಎ-ಫೋರ್ ಸೈಜಿನವು’ ಎಂದು ನೀಲಾಂಬಿಕಾ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು.

ಹೀಗಿರುವಾಗ ಏಪ್ರಿಲ್ ಮೊದಲ ವಾರ ಮಾಲೀಕ ಶ್ರೀಧರ್ ತಮ್ಮ ಗಾಜಿನ ಕೋಣೆಗೆ ಪರಮಾನಂದರನ್ನು ಕರೆದರು. ಶ್ರೀಧರ್ ಹೂಡಿಯವರು. ಅಪ್ಪ ರಾಗಿ ಬೆಳೆದ ಹೊಲದಲ್ಲಿ ಈಗ ಟೆಕ್ ಪಾರ್ಕಿನ ಪಾರ್ಕಿಂಗ್ ಇದೆ. ಕಾರ್ಖಾನೆಯ ಮೇಲೆ ಅವರಿಗೆ ಪ್ರೀತಿ ಇತ್ತು, ವಿಮಾನದ ಮೇಲೆ ಇರಲಿಲ್ಲ. ಹತ್ತಿದರೆ ಕಿವಿ ಕಟ್ಟುತ್ತಿತ್ತು.

“ಗುರುಗಳೇ, ಸ್ಪೇನಿನ ನಮ್ಮ ಕಸ್ಟಮರು ಸಪ್ಲೈಯರ್ಸ್ ಮೀಟಿಂಗ್ ಇಟ್ಕೊಂಡಿದಾರೆ. ವೆಲೆನ್ಸಿಯಾ ಅಂತ ಊರು, ಸಮುದ್ರದ ಪಕ್ಕ. ಮೇ ತಿಂಗಳು, ಮೂರು ದಿನ. ನೀವು ಹೋಗ್ಬರ್ತೀರಾ? ಡ್ರಾಯಿಂಗ್ ಎಲ್ಲಾ ನಿಮ್ಗೇ ಗೊತ್ತಿರೋದು. ಎರಡು ದಿನ ಜಾಸ್ತಿ ಇದ್ದು, ಅಕ್ಕನ್ನೂ ಕರ್ಕೊಂಡ್ಹೋಗಿ ಬನ್ನಿ.”

ಪರಮಾನಂದರಿಗೆ ಆಗಲೇ ಹೂಂ ಎಂದುಬಿಡಬೇಕೆನಿಸಿತು. ಆದರೆ ಇಪ್ಪತ್ತೆರಡು ವರ್ಷದ ಅಭ್ಯಾಸ ಬಾಯಿಯ ಬಾಗಿಲಲ್ಲಿ ಕಾವಲು ನಿಂತಿತ್ತು.

“ಪ್ಲಾನ್ ಮಾಡಿ ಕೊಡ್ತೀನಿ ಸಾರ್” ಅಂದರು.

“ಸೋಮವಾರ ಕೊಡಿ. ಶುಕ್ರವಾರದೊಳಗೆ ಯಾರು ಬರ್ತಾರೆ ಅಂತ ಹೆಸರು ಕಳಿಸ್ಬೇಕು.”

ಪಾಸ್‌ಪೋರ್ಟುಗಳು ತಯಾರಿದ್ದವು, ಯಾವುದಕ್ಕೂ ಇರಲಿ ಎಂದು ಆರು ವರ್ಷದ ಹಿಂದೆಯೇ ಒಂದು ಶೀಟಿನ ಪ್ರಕಾರ ಮಾಡಿಸಿಟ್ಟಿದ್ದರು. ಆ ಸಂಜೆಯಿಂದಲೇ ಊಟದ ಮೇಜಿನ ಮೇಲೆ ವೆಲೆನ್ಸಿಯಾ ಹರಡಿಕೊಂಡಿತು. ಪರಮಾನಂದ ಅಂತರ್ಜಾಲದಲ್ಲಿ ಹುಡುಕಿ ಹುಡುಕಿ, ಆ ಊರಿನ ಮೇಯರಿಗೂ ಗೊತ್ತಿರದಷ್ಟು ಸಂಗತಿ ಒಟ್ಟುಮಾಡಿದರು. ವರ್ಷದಲ್ಲಿ ಮುನ್ನೂರು ದಿನ ಬಿಸಿಲು. ಕಡಲು ಊರಿನ ಪೂರ್ವಕ್ಕಿದೆ, ಆದ್ದರಿಂದ ಸೂರ್ಯ ನೀರಿನಿಂದಲೇ ಏಳುತ್ತಾನೆ. ಊರಿನ ನಡುವೆ ಹರಿಯುತ್ತಿದ್ದ ನದಿಯನ್ನು ಬೇರೆ ಕಡೆ ತಿರುಗಿಸಿ, ಹಳೆಯ ಪಾತ್ರದ ತುಂಬ ತೋಟ ಮಾಡಿದ್ದಾರೆ. ಇದನ್ನು ಓದಿ ಪರಮಾನಂದ ಹೆಂಡತಿಯ ಕಡೆ ತಿರುಗಿದರು.

“ನೀರಿನ ಜಾಗದಾಗ ತೋಟ ಮಾಡ್ಯಾರಂತ ನೋಡು. ಒಂದು ಸೈಟೂ ಮಾರಿಲ್ಲ.”

“ಅವರಿಗೆ ನಮ್ಮ ಕಡಿ ಬ್ರೋಕರು ಸಿಕ್ಕಿಲ್ಲ ಬಿಡ್ರಿ” ಅಂದರು ನೀಲಾಂಬಿಕಾ, ಹಿಟ್ಟು ನಾದುತ್ತ.

ಮಧ್ಯಾಹ್ನ ಎರಡರಿಂದ ಐದರವರೆಗೆ ಅಲ್ಲಿ ಅರ್ಧದಷ್ಟು ಅಂಗಡಿ ಬಾಗಿಲು ಹಾಕುತ್ತಾರೆ ಎಂಬುದು ಗೊತ್ತಾದಾಗ ಶೀಟಿನಲ್ಲಿ ಆ ಮೂರು ತಾಸಿನ ಎದುರು ‘ಮೆಷಿನ್ ಐಡಲ್’ ಎಂದು ಬರೆದರು. ಅಲ್ಲಿಯ ಹೆಸರಾಂತ ಅನ್ನದಲ್ಲಿ ಮೊಲದ ಮಾಂಸ, ಕೆಲವು ಸಲ ಬಸವನಹುಳವನ್ನೂ ಹಾಕುತ್ತಾರೆ ಎಂದು ಓದಿದಾಗ ನೀಲಾಂಬಿಕಾ ನಾದುವುದನ್ನು ನಿಲ್ಲಿಸಿದರು.

“ಅನ್ನಕ್ಕ ಅದೇನ್ ಪಾಪ ಸುತ್ತಿಕೊಂಡಿತ್ತು ಅಂತೀನಿ!”

ಅಲ್ಲಿಗೆ ಆಪರೇಷನ್ ಎಂಬತ್ತು ಹುಟ್ಟಿತು: ಕಡಕ್ ರೊಟ್ಟಿ ಅರವತ್ತು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ರೊಟ್ಟಿ ಸೂಟ್‌ಕೇಸಿನಲ್ಲಿ ಮುರಿಯುತ್ತದೋ ಇಲ್ಲವೋ ನೋಡಲು ಮೊದಲು ಇಪ್ಪತ್ತು ರೊಟ್ಟಿಯ ಟ್ರಯಲ್ ಲಾಟ್ ಆಗಬೇಕೆಂದೂ ತೀರ್ಮಾನವಾಯಿತು.

ಶನಿವಾರದ ಹೊತ್ತಿಗೆ ಶೀಟು ಸಮುದ್ರ ತಲುಪಿತು. ಆಪರೇಷನ್ ಮುನ್ನೂರ ಎಪ್ಪತ್ತು: ಬೆಳಿಗ್ಗೆ ಆರೂ ಮುಕ್ಕಾಲು, ಸಮುದ್ರ ನೋಡುವುದು, ನಲವತ್ತೈದು ನಿಮಿಷ. ತಪಾಸಣೆಯ ಕಾಲಮ್ಮಿನಲ್ಲಿ: ಪಾದ ಒದ್ದೆಯಾಗಿರಬೇಕು.

ನೀಲಾಂಬಿಕಾ ಕನ್ನಡಕ ಹಾಕಿಕೊಂಡು ಓದಿದರು. “ನಲವತ್ತೈದು ನಿಮಿಷ ಅಂತ ಬರದೀರಲ್ರಿ, ಅಷ್ಟರಾಗ ಸಮುದ್ರ ಮುಗೀತದೇನು?”

“ಟೈಮ್ ಬರೀದಿದ್ರ ಮುಂದಿನ ಆಪರೇಷನ್ ಯಾವಾಗ ಶುರು ಮಾಡೂದು ಅಂತ ಹೆಂಗ ಗೊತ್ತಾಗಬೇಕು?”

“ಮುಂದಿಂದು ಏನೈತಿ?”

“ಕಾಲಾಗಿನ ಉಸುಕು ಝಾಡಿಸೂದು. ಐದು ನಿಮಿಷ.”

ನೀಲಾಂಬಿಕಾ ಕನ್ನಡಕ ತೆಗೆದು ಗಂಡನನ್ನು ಬರಿಗಣ್ಣಿನಿಂದ ನೋಡಿದರು. ಬರಿಗಣ್ಣಿಗೆ ಅವರು ಸ್ವಲ್ಪ ಮಸುಕಾಗಿ, ಸಹಿಸಿಕೊಳ್ಳಬಹುದಾದ ಹಾಗೆ ಕಾಣುತ್ತಿದ್ದರು.

ಶೀಟು ಮುಗಿದರೆ ಆಯಿತೇ? ಕಾರ್ಖಾನೆಯಲ್ಲಿ ಸಾವಿರ ಪೀಸು ಮಾಡುವ ಮೊದಲು ಒಂದು ಪೀಸು ಮಾಡಿ, ಅಳತೆ ನೋಡಿ, ಸರಿ ಇದ್ದರೆ ಮಾತ್ರ ಮುಂದಕ್ಕೆ. ಅದಕ್ಕೆ ಫಸ್ಟ್ ಪೀಸ್ ಎನ್ನುತ್ತಾರೆ. ಪ್ರಯಾಣಕ್ಕೂ ಫಸ್ಟ್ ಪೀಸ್ ಆಗಲೇಬೇಕೆಂದು ಪರಮಾನಂದ ಹಟ ಹಿಡಿದರು. ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಸೂಟ್‌ಕೇಸ್ ಎಳೆದುಕೊಂಡು ಮನೆಯಿಂದ ವಿಮಾನ ನಿಲ್ದಾಣಕ್ಕೆ ಹೊರಟರು, ಹೋಗಿ ವಾಪಸ್ ಬರಲು. ಸೂಟ್‌ಕೇಸಿನಲ್ಲಿ ಇಪ್ಪತ್ತೊಂದು ಕಿಲೋ ಇರಬೇಕೆಂದು ಲೆಕ್ಕ. ಬಟ್ಟೆಬರೆ ಈಗಲೇ ತುಂಬುವುದು ಯಾಕೆ ಎಂದು, ಶನಿವಾರವೇ ಕಾರ್ಖಾನೆಯಿಂದ ರಿಜೆಕ್ಟ್ ಆದ ವಾಲ್ವಿನ ಬಾಡಿಗಳನ್ನು ಶ್ರೀಧರರಿಗೆ ಹೇಳಿ ತಂದಿದ್ದರು. ಮೇಲೆ ಇಪ್ಪತ್ತು ರೊಟ್ಟಿ.

ಗೊರಗುಂಟೆಪಾಳ್ಯದಲ್ಲಿ ಒಂದು ಬಸ್ಸು ಬದಲಿಸಿ, ಹೆಬ್ಬಾಳದಲ್ಲಿ ಇನ್ನೊಂದು ಬದಲಿಸಿ, ಪ್ರತಿ ಹತ್ತಿಳಿತದ ಸಮಯವನ್ನೂ ಬರೆದುಕೊಂಡು ನಿಲ್ದಾಣದ ಬಾಗಿಲು ಮುಟ್ಟಿದಾಗ ಶೀಟಿಗಿಂತ ಬರೀ ಆರು ನಿಮಿಷ ತಡ. ಪರಮಾನಂದರ ಮುಖ ಅರಳಿತು. ಅಲ್ಲೇ ತಿರುಗಿದ್ದರೆ ಎಲ್ಲ ಸುಸೂತ್ರ. ಆದರೆ ಬಾಗಿಲ ಬಳಿ ನಿಂತು, ಗಡಿಯಾರ ನೋಡಿ, ಏನೋ ಬರೆದುಕೊಂಡು, ಒಳಗೆ ಹೋಗದೆ ವಾಪಸ್ಸಾಗುವ ಮನುಷ್ಯ ಯಾವ ಕಾವಲುಗಾರನ ಕಣ್ಣಿಗೂ ಬೀಳುತ್ತಾನೆ.

“ಅಣ್ಣ, ಟಿಕೆಟ್ ತೋರ್ಸಿ” ಅಂದ ಕಾವಲಿನವನು.

“ಟಿಕೆಟ್ ಇಲ್ಲ ಸಾರ್. ಮುಂದಿನ ತಿಂಗಳು ಪ್ರಯಾಣ.”

“ಮುಂದಿನ ತಿಂಗಳಿನ ಫ್ಲೈಟಿಗೆ ಇವತ್ತೇ ಬಂದ್ರಾ?”

“ಟ್ರಯಲ್ ಸಾರ್.”

ಸೂಟ್‌ಕೇಸ್ ತೆರೆಸಿದರು. ರೊಟ್ಟಿ ಸರಿಸಿದರೆ ಕೆಳಗೆ ಕಪ್ಪಗೆ, ದುಂಡಗೆ, ತೂತು ಬಿದ್ದ ಕಬ್ಬಿಣ. ಇನ್ನಿಬ್ಬರು ಕಾವಲಿನವರು ಓಡಿಬಂದರು. ಪರಮಾನಂದ ಪ್ರೋಸೆಸ್ ಶೀಟು ತೆಗೆದು ಆಪರೇಷನ್ ಹತ್ತರಿಂದ ವಿವರಿಸಲು ಹೊರಟರು. ಮೂವತ್ತಕ್ಕೆ ಬರುವಷ್ಟರಲ್ಲಿ ಕಾವಲಿನವನ ತಾಳ್ಮೆ ಮುಗಿಯಿತು. ಆಗ ನೀಲಾಂಬಿಕಾ ಮುಂದೆ ಬಂದರು.

“ಯಪ್ಪಾ, ಇವು ಇವರ ಫ್ಯಾಕ್ಟರಿ ಸಾಮಾನು. ಕೆಟ್ಟುಹೋದವು. ತೂಕಕ್ಕಂತ ಹಾಕ್ಯಾರ. ನಾವು ಸಮುದ್ರ ನೋಡಾಕ ಹೋಗೋರು. ಹೋಗೂದು ಹೆಂಗ ಅಂತ ನೋಡಾಕ ಬಂದೀವಿ.”

ಕಾವಲಿನವನು ಕಬ್ಬಿಣವನ್ನು ತಿರುಗಿಸಿ ನೋಡಿದ, ರೊಟ್ಟಿಯನ್ನು ನೋಡಿದ, ಕೊನೆಗೆ ಪರಮಾನಂದರನ್ನು ನೋಡಿದ.

“ಅಮ್ಮಾ, ಇವ್ರು ಯಾವಾಗ್ಲೂ ಹಿಂಗೇನಾ?”

“ಮದುವಿಗಿಂತ ಮೊದಲು ನಮಗೂ ಗೊತ್ತಿರಲಿಲ್ಲಪ್ಪ.”

ಬಿಟ್ಟುಬಿಟ್ಟರು. ವಾಪಸ್ ಬರುವ ಬಸ್ಸಿನಲ್ಲಿ ಪರಮಾನಂದ ಮೂರು ಹೊಸ ಸಾಲು ಸೇರಿಸಿದರು. ನೀಲಾಂಬಿಕಾ ರೊಟ್ಟಿ ಎಣಿಸಿದರು. ಎರಡು ಮಾತ್ರ ಮುರಿದಿದ್ದವು. ಕಿಟಕಿಯಾಚೆ ಒಂದು ವಿಮಾನ ಏರುತ್ತಿತ್ತು. ಅದು ಮೋಡದಲ್ಲಿ ಮರೆಯಾಗುವ ತನಕ ಅವರು ಕತ್ತು ತಿರುಗಿಸಿ ನೋಡಿದ್ದನ್ನು ಪರಮಾನಂದ ಗಮನಿಸಿದರು. ಅದನ್ನು ಬರೆಯಲು ಶೀಟಿನಲ್ಲಿ ಯಾವ ಕಾಲಮ್ಮೂ ಇರಲಿಲ್ಲ.

ಸೋಮವಾರ ಅರವತ್ತೆಂಟು ಆಪರೇಷನ್ನಿನ ಶೀಟು ಶ್ರೀಧರರ ಮೇಜು ಸೇರಿತು. ಹತ್ತರಿಂದ ಆರುನೂರ ಎಂಬತ್ತು, ನಡುವೆ ತುರುಕಿದವು ಬೇರೆ. ಶ್ರೀಧರ್ ಓದುತ್ತ ಓದುತ್ತ ಕುರ್ಚಿಯಿಂದ ಮುಂದಕ್ಕೆ ಬಂದರು. “ಏನ್ ಗುರುಗಳೇ ಇದು, ಸಕ್ಕತ್ತಾಗಿದೆ! ಇದನ್ನ ಹಿಡ್ಕೊಂಡ್ರೆ ಕಣ್ಮುಚ್ಕೊಂಡು ಹೋಗ್ಬರ್ಬೋದು.”

ಪರಮಾನಂದ ಆ ದಿನ ಎರಡು ಪ್ಲೇಟು ಚಿತ್ರಾನ್ನ ತಿಂದರು.

ಮಂಗಳವಾರ ಮತ್ತೆ ಕರೆ ಬಂತು. ಗಾಜಿನ ಕೋಣೆಯಲ್ಲಿ ಶ್ರೀಧರರ ಭಾಮೈದ ಬಾಲಾಜಿಯೂ ಇದ್ದ. ಬಾಲಾಜಿ ಕಾರ್ಖಾನೆಯ ಸೇಲ್ಸ್ ನೋಡಿಕೊಳ್ಳುವವನು. ಒಳ್ಳೆಯ ಹುಡುಗ, ಫೋನು ಬಿಟ್ಟರೆ ಬೇರೆ ದುರಭ್ಯಾಸವಿಲ್ಲ.

“ಗುರುಗಳೇ, ನೀವು ಮೇ ತಿಂಗಳಲ್ಲಿ ಇಲ್ಲಿಲ್ಲ ಅಂದ್ರೆ ಹೊಸ ಆರ್ಡರ್ ಕಥೆ ಏನು ಅಂತ ಯೋಚ್ನೆ ಆಯ್ತು. ನಿಮ್ಮ ಶೀಟು ಇಷ್ಟು ಪಕ್ಕಾ ಇದೆಯಲ್ಲ, ಬಾಲಾಜೀನ ಕಳಿಸಿದ್ರೆ ಹೆಂಗೆ? ನೀವೇ ಹೇಳ್ತಿರ್ತೀರಲ್ಲ, ನಿಮ್ಮ ಶೀಟಿದ್ರೆ ಯಾರು ಬೇಕಾದ್ರೂ ಜಾಬ್ ಮಾಡ್ಬೋದು ಅಂತ.”

ಪರಮಾನಂದ ಬಾಯಿ ತೆರೆದರು. ಒಳಗೆ ಹತ್ತು ಉತ್ತರ ಇದ್ದವು. ಹೊರಗೆ ಬಂದದ್ದು ಹನ್ನೊಂದನೆಯದು.

“ಆಯ್ತು ಸಾರ್.”

“ನಿಮ್ಗೇನೂ ಬೇಜಾರಿಲ್ಲ ತಾನೆ?”

“ಇಲ್ಲ ಸಾರ್.”

“ಹಂಗಾದ್ರೆ ಶೀಟನ್ನ ಬಾಲಾಜಿಗೆ ಹೊಂದೋ ಥರ ಸ್ವಲ್ಪ ತಿದ್ದಿ ಕೊಟ್ಬಿಡಿ. ಶುಕ್ರವಾರ ಹೆಸರು ಕಳಿಸ್ತೀನಿ.”

ಅಂದು ಮನೆಗೆ ಹೋದಾಗ ನೀಲಾಂಬಿಕಾ ರೊಟ್ಟಿ ಬಡಿಯುತ್ತಿದ್ದರು. ಟ್ರಯಲ್ ಲಾಟ್ ಪಾಸಾಗಿತ್ತಲ್ಲ, ಈಗ ಉಳಿದ ನಲವತ್ತು. ಪರಮಾನಂದ ಹೇಳಬೇಕೆಂದು ಅಡುಗೆಮನೆಯ ಬಾಗಿಲಿಗೆ ಹೋದರು, ನೀರು ಕುಡಿದರು, ವಾಪಸ್ ಬಂದರು. ಬುಧವಾರ ಎರಡು ಸಲ ನೀರು ಕುಡಿದರು. ಗುರುವಾರದ ಹೊತ್ತಿಗೆ ಅವರ ಹೊಟ್ಟೆಯಲ್ಲೇ ಒಂದು ಸಮುದ್ರವಿತ್ತು. ವಿಷಯ ಮಾತ್ರ ನೀಲಾಂಬಿಕಾರ ಕಿವಿಗೆ ಬಿದ್ದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಾಲಾಜಿ ಶೀಟಿನ ಜೆರಾಕ್ಸು ಹಿಡಿದುಕೊಂಡು ಅವರ ಮೇಜಿಗೆ ಬಂದ.

“ಪರಮಾನಂದ ಸಾರ್, ಒಂದೆರಡು ಡೌಟು. ಇಲ್ಲಿ ನೂರ ಮೂವತ್ತೈದು ನೋಡಿ. ‘ಕಿಟಕಿ ಪಕ್ಕದ ಸೀಟು ನೀಲಾಂಬಿಕಾಗೆ. ಬೇಡ ಎನ್ನುತ್ತಾಳೆ. ಕೇಳಬಾರದು.’ ಇದನ್ನ ನಾನು ಹೆಂಗ್ ಮಾಡ್ಲಿ?”

“ಅದನ್ನ ತೆಗೀತೀನಿ.”

“ಇನ್ನೂರ ಅರವತ್ತು. ‘ಮಾರ್ಕೆಟ್ಟಿನ ಹೊರಗಿನ ಬೆಂಚು. ಮೊಣಕಾಲಿಗೆ ವಿಶ್ರಾಂತಿ.’ ನನ್ನ ಮೊಣಕಾಲು ಚೆನ್ನಾಗೇ ಇದೆ ಸಾರ್.”

“ಅದನ್ನೂ ತೆಗೀತೀನಪ್ಪ.”

“ಮತ್ತೆ ಮುನ್ನೂರ ಅರವತ್ತೈದು. ‘ಅವಳ ಚಪ್ಪಲಿ ನಾನು ಹಿಡಿದುಕೊಳ್ಳುವುದು.’” ಬಾಲಾಜಿ ತಲೆ ಕೆರೆದುಕೊಂಡ. “ಯಾರ್ದು ಹಿಡ್ಕೊಳ್ಳಿ ಸಾರ್? ನಂಗಿನ್ನೂ ಮದುವೇನೇ ಆಗಿಲ್ಲ.”

ಪಕ್ಕದ ಲೇತ್ ಮೇಲಿದ್ದ ರೇವಣಸಿದ್ದ ಮೆಷಿನ್ ನಿಲ್ಲಿಸಿ ನಕ್ಕ. ಪರಮಾನಂದ ನಗಲಿಲ್ಲ. ಕೆಂಪು ಪೆನ್ನು ತೆಗೆದು, ಶೀಟನ್ನು ಮುಂದಿಟ್ಟುಕೊಂಡು ಕೂತರು.

ನೂರ ಮೂವತ್ತೈದನ್ನು ಹೊಡೆದು ಹಾಕಿದರು. ಇನ್ನೂರ ಅರವತ್ತನ್ನು ಹೊಡೆದರು. ಬೆಂಚು ಹೋದ ಮೇಲೆ ಮಾರ್ಕೆಟ್ಟಿಗೆ ಹೋಗುವುದು ಯಾಕೆ? ಅಲ್ಲಿಯ ಕಿತ್ತಳೆ ಹಣ್ಣು ಅವಳು ನೋಡಲಿ ಎಂದು ಬರೆದದ್ದು. ಮಾರ್ಕೆಟ್ಟನ್ನೂ ಹೊಡೆದರು. ನದಿಯ ತೋಟ, ಅವಳಿಗೆ ಗಿಡ ಎಂದರೆ ಪ್ರಾಣ ಎಂದು. ಸಂಜೆಯ ಟ್ರಾಮು, ಅವಳ ಮೊಣಕಾಲಿಗೆ ಅಷ್ಟು ದೂರ ನಡೆಯಲಾಗುವುದಿಲ್ಲ ಎಂದು. ಅರ್ಧ ಗಂಟೆಯಲ್ಲಿ ಶೀಟು ಕೆಂಪಾಯಿತು. ಕೊನೆಗೆ ಉಳಿದದ್ದು ಮೂರು ದಿನದ ಮೀಟಿಂಗು, ಹೋಟೆಲು, ಮತ್ತು ಇಮಿಗ್ರೇಷನ್ ಸಾಲು. ತಾನು ಇಷ್ಟು ದಿನ ಒಂದು ಊರಿಗೆ ಪ್ಲಾನ್ ಮಾಡಿದೆ ಎಂದುಕೊಂಡಿದ್ದರು ಪರಮಾನಂದ. ಮಾಡಿದ್ದು ಒಬ್ಬ ಹೆಂಗಸಿಗೆ.

ಮಧ್ಯಾಹ್ನ ಮೂರೂವರೆಗೆ ಶೀಟು ಹಿಡಿದು ಗಾಜಿನ ಕೋಣೆಯ ಬಾಗಿಲು ತಳ್ಳಿದರು. ಕರೆಯದೆ ಆ ಬಾಗಿಲನ್ನು ಅವರು ತಳ್ಳಿದ್ದು ಅದೇ ಮೊದಲು. ಶ್ರೀಧರ್ ಸ್ಪೇನಿಗೆ ಮೇಲ್ ಟೈಪು ಮಾಡುತ್ತಿದ್ದರು.

“ಸಾರ್, ಈ ಶೀಟು ಬಾಲಾಜಿಗೆ ಹೊಂದಲ್ಲ.”

“ಯಾಕೆ, ಏನು ತೊಂದ್ರೆ?”

“ಇದು ಒಂದೇ ಪೀಸಿನ ಜಾಬು ಸಾರ್. ಇನ್ನೊಂದು ಮಾಡಕ್ಕಾಗಲ್ಲ.”

ಶ್ರೀಧರ್ ಕೆಂಪು ಗೀಟುಗಳನ್ನು ನೋಡಿದರು. ಅರ್ಥವಾಗಲಿಲ್ಲ. ಪರಮಾನಂದ ಮೇಜಿನ ಅಂಚನ್ನು ಹಿಡಿದುಕೊಂಡರು. ಮುಂದೆ ಏನು ಹೇಳಬೇಕೆಂದು ಅವರು ಎಲ್ಲೂ ಬರೆದುಕೊಂಡಿರಲಿಲ್ಲ.

“ನನಗೆ ಹೋಗಬೇಕು ಸಾರ್. ಅವಳನ್ನ ಕರ್ಕೊಂಡು ಹೋಗಬೇಕು ಅಂತ… ಭಾಳ ಆಸೆ ಐತಿ ಸಾರ್.” ಕಾರ್ಖಾನೆಯೊಳಗೆ ಊರಿನ ಮಾತು ಬಾಯಿಗೆ ಬಂದದ್ದು ಅವರಿಗೇ ಗೊತ್ತಾಗಲಿಲ್ಲ.

ಶ್ರೀಧರ್ ಟೈಪು ಮಾಡುವುದನ್ನು ಬಿಟ್ಟರು. “ಅಲ್ಲ ಗುರುಗಳೇ, ಮಂಗಳವಾರ ಬೇಜಾರಿಲ್ಲ ತಾನೆ ಅಂತ ಕೇಳಿದ್ನಲ್ಲ?”

“ಕೇಳಿದ್ರಿ ಸಾರ್.”

“ಇಲ್ಲ ಅಂದ್ರಿ!”

“ಅಂದೆ ಸಾರ್.”

“ಅರವತ್ತೆಂಟು ಆಪರೇಷನ್ ಬರ್ದಿದೀರ. ಸಾಬೂನು ಎಷ್ಟು ಗ್ರಾಂ ಅಂತಾನೂ ಇದೆ. ‘ನಂಗೆ ಹೋಗೋಕೆ ಇಷ್ಟ’ ಅಂತ ಒಂದು ಲೈನ್ ಎಲ್ಲಾದ್ರೂ ಇದೆಯಾ ತೋರ್ಸಿ? ನಾನೇನೋ, ಇವ್ರು ಕಂಪನಿ ಕೆಲ್ಸ ಅಂತ ಮಾಡ್ತಿದಾರೆ, ಮನಸ್ಸಿಲ್ಲದ ಮನುಷ್ಯನ್ನ ಯಾಕೆ ಅಷ್ಟು ದೂರ ಓಡ್ಸೋದು ಅಂತ ಅಂದ್ಕೊಂಡು ಹೊಸ ಆರ್ಡರ್ ನೆಪ ಹೇಳ್ದೆ ಕಣ್ರೀ!”

ಅಷ್ಟು ಹೇಳಿ ಗಾಜಿಗೆ ಬಡಿದು ಬಾಲಾಜಿಯನ್ನು ಕರೆದರು. ವಿಷಯ ಕೇಳಿ ಬಾಲಾಜಿಯ ಮುಖಕ್ಕೆ ಮೂರು ದಿನಗಳ ನಂತರ ಕಳೆ ಬಂತು. “ಸದ್ಯ ಭಾವ! ಆ ಶೀಟು ಓದಿ ಓದಿ ನಂಗೆ ಕನಸಲ್ಲೂ ಆಪರೇಷನ್ ಬರ್ತಿತ್ತು. ಹೊಸ ಆರ್ಡರ್ ನಾನು ನೋಡ್ಕೊಳ್ತೀನಿ. ಏನಾದ್ರೂ ಆದ್ರೆ ಫೋನ್ ಮಾಡ್ತೀನಿ ಸಾರ್ ನಿಮ್ಗೆ.”

“ಮಾಡ್ಬೇಡ ಕಣೋ” ಅಂದರು ಶ್ರೀಧರ್, ಮತ್ತು ಎರಡು ಹೆಸರು ಟೈಪು ಮಾಡಿ ಮೇಲ್ ಕಳಿಸಿದರು.

ಸಂಜೆ ಪರಮಾನಂದ ಮನೆಗೆ ಬಂದವರೇ ಚಪ್ಪಲಿ ಬಿಡುವುದಕ್ಕೂ ಮೊದಲು ಎಲ್ಲವನ್ನೂ ಹೇಳಿಬಿಟ್ಟರು. ಮಂಗಳವಾರ ಹೀಗಾಯಿತು, ಬುಧವಾರ ಹೇಳಲಾಗಲಿಲ್ಲ, ಇವತ್ತು ಹೀಗೆ. ಯಾವ ಕ್ರಮವೂ ಇಲ್ಲದೆ, ಕೊನೆಯದು ಮೊದಲು, ಮೊದಲಿನದು ನಡುವೆ. ನೀಲಾಂಬಿಕಾ ಒಲೆ ಸಣ್ಣ ಮಾಡಿ ಪೂರ್ತಿ ಕೇಳಿದರು.

“ನನಗ ಗೊತ್ತಿತ್ತು ಬಿಡ್ರಿ.”

“ಗೊತ್ತಿತ್ತು? ಯಾರು ಹೇಳಿದ್ರು?”

“ಯಾರ್ ಹೇಳಬೇಕು? ಮಂಗಳವಾರದಿಂದ ನೀವು ಆ ಶೀಟ್ ಮುಟ್ಟಿಲ್ಲ. ಹೋದ ವರ್ಷ ಡೆಂಗಿ ಬಂದಾಗೂ ಕೈಯಾಗ ಪೆನ್ನ ಹಿಡಕೊಂಡಿದ್ರಿ.”

“ಹಂಗಾದ್ರ ನಾಲ್ಕು ದಿನ ರೊಟ್ಟಿ ಯಾಕ ಬಡದಿ?”

“ಆ ಸಪ್ಪಳಕ್ಕರ ಹೋಗಿ ಮಾಲೀಕರನ್ನ ಕೇಳ್ತೀರೇನು ಅಂತ.”

ಪರಮಾನಂದ ಅಡುಗೆಮನೆಯ ಬಾಗಿಲಲ್ಲೇ ನಿಂತರು. ನೀರು ಕುಡಿಯುವ ನೆಪವೂ ಈಗ ಉಳಿದಿರಲಿಲ್ಲ.

“ಮಾಲೀಕರ ಮುಂದ ಏನಂದ್ರಿ?” ಅಂದರು ನೀಲಾಂಬಿಕಾ, ಕೈಗೆ ಹತ್ತಿದ ಹಿಟ್ಟನ್ನು ಉಜ್ಜಿಕೊಳ್ಳುತ್ತ.

“ಹೇಳಿದೆನಲ್ಲ ಈಗ.”

“ಅವರಿಗೆ ಹೇಳಿದ್ದು ಹೇಳಿದ್ರಿ. ನನಗ ಒಮ್ಮಿ ಹೇಳ್ರಿ. ಇಪ್ಪತ್ತಾರು ವರ್ಷ ಆತು.”

ಪರಮಾನಂದ ನಲ್ಲಿಯ ಕಡೆ ನೋಡಿದರು, ಗ್ಯಾಸಿನ ಕಡೆ ನೋಡಿದರು, ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ಹೆಂಡತಿ ಕಾಯುತ್ತಿದ್ದರು, ಕೈಯಲ್ಲಿ ಮುಂದಿನ ಕೆಲಸವೇನೂ ಇಲ್ಲದವರ ಹಾಗೆ.

“ನಿನ್ನ ಕರಕೊಂಡು ಹೋಗಬೇಕಂತ… ಭಾಳ ಆಸೆ ಐತಿ” ಅಂದರು, ಕ್ಯಾಲೆಂಡರಿಗೆ.

“ಹಾಂ” ಅಂದರು ನೀಲಾಂಬಿಕಾ. ಮತ್ತೆ ಒಲೆಯ ಕಡೆ ತಿರುಗಿಕೊಂಡರು. ಅವರ ಬೆನ್ನು ಮಾತ್ರ ಕಾಣುತ್ತಿತ್ತು, ಅದು ಸಣ್ಣಗೆ ನಗುತ್ತಿತ್ತು. “ಕೈಕಾಲು ತೊಳಕೊಂಡು ಬರ್ರಿ. ಬಿಸಿ ಪಲ್ಯ ಐತಿ.”